ಕೊನೆಯ ಪುಟದಲ್ಲಿ ಸಿಕ್ಕಿಬೀಳುತ್ತಿದ್ದ ದೆವ್ವ

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯ ಕಡೆ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುತ್ತಿದ್ದ ಹಳಬರಿಗೆ ದೆವ್ವಗಳೆಲ್ಲ ಒಂದೇ ಆಗಿರಲಿಲ್ಲ. ದೂರದ ಬದುವಿನ ಮೇಲೆ ಬೆಂಕಿಯ ಕಿಡಿಯೊಂದು ಹೊತ್ತಿ, ಆರಿ, ಮತ್ತೆ ಇನ್ನೊಂದು ಕಡೆ ಹೊತ್ತಿಕೊಂಡರೆ ಅದು ಕೊಳ್ಳಿದೆವ್ವ. ಅದು ಮೈಮುಟ್ಟುವುದಿಲ್ಲ, ದಾರಿ ತಪ್ಪಿಸುತ್ತದೆ. ಮಟಮಟ ಮಧ್ಯಾಹ್ನ ಹುಣಸೆಮರದ ಕೆಳಗೆ ಹಾದುಬಂದವರಿಗೆ ಸಂಜೆ ಮೈ ಬಿಸಿಯಾದರೆ ಅದು ಗಾಳಿ. ಅದಕ್ಕೆ ರೂಪವಿಲ್ಲ, ಸೋಕುತ್ತದೆ ಅಷ್ಟೆ. ಆಸೆ ತೀರದೆ ಸತ್ತವರು ಮನೆಯವರ ಮೈಮೇಲೆ ಬಂದು ಮಾತಾಡಿದರೆ ‘ದೆಯ್ಯ ಮೆಟ್ಕೊಂಡದೆ’ ಎನ್ನುತ್ತಾರೆ. ಕಲಿತ ವಿದ್ಯೆಯನ್ನು ಯಾರಿಗೂ ಕೊಡದೆ ಸತ್ತ ಪಂಡಿತ ಅರಳಿಮರ ಹತ್ತಿದರೆ ಬ್ರಹ್ಮರಾಕ್ಷಸ. ಒಂಟಿ ಗಂಡಸನ್ನು ಕೂಗಿ ಕರೆಯುವವಳು ಮೋಹಿನಿ. ಊರಾಚೆಯ ಮುನೇಶ್ವರನಂತೂ ಹೆದರಿಸುವವನೋ ಕಾಯುವವನೋ ಎಂದು ಯಾರೂ ಖಡಾಖಂಡಿತವಾಗಿ ಹೇಳಲಾರರು. ‘ದೆವ್ವ’ ಎಂಬ ಮಾತೇ ‘ದೈವ’ದಿಂದ ಬಂದದ್ದು ಎನ್ನುವಾಗ ಈ ಗೊಂದಲ ಸಹಜವೇ.

ಹೀಗೆ ಅಂಜಿಕೆಗೂ ಜಾತಿವಾರು ಪಟ್ಟಿ ಇಟ್ಟುಕೊಂಡಿದ್ದ ಸೀಮೆಯ ಹುಡುಗ 1960-70ರ ದಶಕದಲ್ಲಿ ಮಂಡ್ಯ ಪೇಟೆಗೆ ಬಂದು ಬಾಡಿಗೆ ಪುಸ್ತಕದಂಗಡಿಯ ಮುಂದೆ ನಿಂತರೆ ಅಲ್ಲಿ ಅವನಿಗೆ ಸಿಗುತ್ತಿದ್ದುದು ಒಂದೇ ಹಣೆಪಟ್ಟಿ: ಪತ್ತೇದಾರಿ. ಮುಖಪುಟದಲ್ಲಿ ತಲೆಬುರುಡೆ ಇದ್ದರೂ ಪತ್ತೇದಾರಿ, ಬಿಳಿಸೀರೆಯ ಹೆಣ್ಣಿದ್ದರೂ ಪತ್ತೇದಾರಿ, ಹಾಳುಬಂಗಲೆಯ ಮೇಲೆ ಹುಣ್ಣಿಮೆ ಚಂದ್ರನಿದ್ದರೂ ಪತ್ತೇದಾರಿ. ಬಹುಪಾಲು ಒಳಗಿನ ಕಥೆಯೂ ಆ ಹಣೆಪಟ್ಟಿಗೆ ತಪ್ಪದೆ ನಡೆದುಕೊಳ್ಳುತ್ತಿತ್ತು. ಹತ್ತು ಅಧ್ಯಾಯ ಊರನ್ನೆಲ್ಲ ನಡುಗಿಸಿದ ದೆವ್ವ ಹನ್ನೊಂದನೆಯದರಲ್ಲಿ ಸಿಕ್ಕಿಬೀಳುತ್ತಿತ್ತು. ಮುಸುಕು ತೆಗೆದರೆ ಒಳಗೆ ಆಸ್ತಿಯ ಆಸೆಗೆ ಬಿದ್ದ ಚಿಕ್ಕಪ್ಪನೋ ಖೋಟಾನೋಟಿನ ತಂಡದವನೋ ಇರುತ್ತಿದ್ದ.

ಕನ್ನಡದ ಜನಪ್ರಿಯ ಭಯಕಥೆಯ ಚರಿತ್ರೆಯೆಂದರೆ ಈ ಹಣೆಪಟ್ಟಿಯ ಚರಿತ್ರೆಯೇ. ದೆವ್ವವನ್ನು ಯಾವ ಕಪಾಟಿನಲ್ಲಿ ಇಡುತ್ತಾರೆ ಎಂಬುದರ ಮೇಲೆ ಅದು ಕೊನೆಗೆ ಮನುಷ್ಯನಾಗುತ್ತದೋ, ರೋಗವಾಗುತ್ತದೋ, ದೆವ್ವವಾಗಿಯೇ ಉಳಿಯುತ್ತದೋ ಎಂಬುದು ತೀರ್ಮಾನವಾಗುತ್ತಿತ್ತು.

ಅಗ್ಗದ ಕಾಗದದ ಮೇಲೆ ಅಂಜಿಕೆ ಮಾರುವ ಈ ವ್ಯಾಪಾರ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಫ್ರಾಂಕ್ ಮುನ್ಸಿ ಎಂಬ ಪ್ರಕಾಶಕ 1896ರಲ್ಲಿ ತನ್ನ ‘ಆರ್ಗೊಸಿ’ ಪತ್ರಿಕೆಯನ್ನು ಪೂರ್ತಿ ಕಥೆಗಳಿಗೇ ಮೀಸಲಿಟ್ಟು, ಮರದ ತಿರುಳಿನ ಒರಟು ಕಾಗದದಲ್ಲಿ ಅಚ್ಚುಹಾಕಿದ. ಆ ತಿರುಳೇ ಪಲ್ಪ್. ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಪುಡಿಯಾಗುವ ಆ ಕಾಗದದ ಹೆಸರೇ ಒಂದು ಸಾಹಿತ್ಯಪ್ರಕಾರದ ಹೆಸರಾಯಿತು. 1923ರ ಮಾರ್ಚ್‌ನಲ್ಲಿ ಷಿಕಾಗೊದಿಂದ ಹೊರಟ ‘ವಿಯರ್ಡ್ ಟೇಲ್ಸ್’ ಅಂಜಿಕೆಗೇ ಮುಡಿಪಾದ ಪತ್ರಿಕೆ. ಎಚ್.ಪಿ. ಲವ್‌ಕ್ರಾಫ್ಟ್, ಕ್ಲಾರ್ಕ್ ಆಷ್ಟನ್ ಸ್ಮಿತ್, ರಾಬರ್ಟ್ ಇ. ಹೊವಾರ್ಡ್ ಅದರಲ್ಲಿ ಬರೆದರು. ಇಂದು ಜಗತ್ತು ನೆನೆಯುವುದು ಲವ್‌ಕ್ರಾಫ್ಟ್‌ನನ್ನಾದರೂ ಆಗಿನ ಓದುಗರಿಗೆ ಅಚ್ಚುಮೆಚ್ಚಾಗಿದ್ದವನು ಸೀಬರಿ ಕ್ವಿನ್. ಅವನ ನಾಯಕ ಜೂಲ್ಸ್ ಡಿ ಗ್ರಾಂಡಿನ್ ಭೂತಪ್ರೇತಗಳ ಹಿಂದೆ ಬೀಳುವ ಪತ್ತೇದಾರ!

ಅಲ್ಲಿ ಒಂದೇ ದಶಕದೊಳಗೆ ಅಂಜಿಕೆ ಕವಲೊಡೆಯಿತು. 1926ರಲ್ಲಿ ಬಂದ ‘ಘೋಸ್ಟ್ ಸ್ಟೋರೀಸ್’ ಪತ್ರಿಕೆ ಇದೆಲ್ಲ ನಡೆದದ್ದೇ ಎಂಬ ಧಾಟಿಯಲ್ಲಿ, ಅನುಭವಿಸಿದವರೇ ಬಾಯಿಬಿಟ್ಟು ಹೇಳಿದಂತೆ ಕಥೆ ಬರೆಸಿ, ವೇಷ ಹಾಕಿಸಿ ತೆಗೆದ ಫೋಟೊಗಳನ್ನು ಪಕ್ಕದಲ್ಲಿಡುತ್ತಿತ್ತು. 1933ರ ಅಕ್ಟೋಬರಿನಲ್ಲಿ ‘ಡೈಮ್ ಮಿಸ್ಟರಿ’ ಪತ್ರಿಕೆ ದಾರಿ ಬದಲಿಸಿ ಹಿಂಸೆ, ಚಿತ್ರಹಿಂಸೆಯ ಕಥೆಗಳಿಗೆ ತಿರುಗಿತು. ಅದರ ಬೆನ್ನಿಗೆ ‘ಟೆರರ್ ಟೇಲ್ಸ್’, ‘ಹಾರರ್ ಸ್ಟೋರೀಸ್’ ಬಂದವು. ಇವುಗಳಲ್ಲಿ ಮುಸುಕಿನ ಪೂಜಾರಿ, ನೆಲಮಾಳಿಗೆ, ಕಟ್ಟಿಹಾಕಿದ ಹೆಣ್ಣು ಎಲ್ಲ ಇರುತ್ತಿತ್ತು, ದೆವ್ವ ಮಾತ್ರ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಕೊನೆಗೆ ಎಲ್ಲವೂ ಯಾವನೋ ದುರಾಸೆಯವನ ಕೈವಾಡವೆಂದು ತಿಳಿಯುತ್ತಿತ್ತು. ಲವ್‌ಕ್ರಾಫ್ಟ್ ಅದಕ್ಕೂ ಮೊದಲೇ, 1927ರ ತನ್ನ ದೀರ್ಘ ಪ್ರಬಂಧದಲ್ಲಿ, ಇಂಥ ರಕ್ತ-ಎಲುಬಿನ ಕಥೆಗಳನ್ನೂ ಸಂಕೋಲೆ ಎಳೆಯುವ ಮಾಮೂಲಿ ಪ್ರೇತಗಳನ್ನೂ ಪಕ್ಕಕ್ಕೆ ಸರಿಸಿ, ಸೃಷ್ಟಿಯ ನಿಯಮವೇ ಮುರಿದುಬಿತ್ತೇನೋ ಎಂಬ ತಳಮಳವನ್ನು ಮಾತ್ರ ‘ವಿಯರ್ಡ್’ ಎಂದು ಕರೆದ.

ಕನ್ನಡದಲ್ಲಿ ಇಷ್ಟು ಕಪಾಟುಗಳಿರಲಿಲ್ಲ. ಆದರೆ ಓದುಗರಿದ್ದರು. ಆ ಓದುಗರನ್ನು ಸೃಷ್ಟಿಸಿದವರಲ್ಲಿ ಮೊದಲು ನೆನಪಾಗುವವರು ಎನ್. ನರಸಿಂಹಯ್ಯ. ನಾಲ್ಕನೆಯ ತರಗತಿಯವರೆಗಷ್ಟೇ ಓದಿದ್ದ ಅವರು ‘ಪತ್ತೇದಾರ ಪುರುಷೋತ್ತಮ’ನಿಂದ ಆರಂಭಿಸಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಹಳ್ಳಿಶಾಲೆಯಲ್ಲಿ ಅಕ್ಷರ ಕಲಿತು ಪಠ್ಯಪುಸ್ತಕದ ಆಚೆ ಏನನ್ನೂ ಓದದ ಜನರ ಕೈಗೆ ಮೊದಲ ಬಾರಿ ಪುಸ್ತಕ ಹತ್ತಿದ್ದು ಇಂಥವರಿಂದ. ವಾಕ್ಯಗಳು ಚಿಕ್ಕವು, ಮಾತುಕತೆಯೇ ಹೆಚ್ಚು, ಅಧ್ಯಾಯದ ಕೊನೆಗೆ ಒಂದು ಕಿರುಚಾಟ. ಎತ್ತಿನಗಾಡಿಯ ಮೇಲೆ ಕೂತೂ ಓದಬಹುದಾದ ಗದ್ಯ. ಸಾಹಿತ್ಯಚರಿತ್ರೆಗಳು ಇವರಿಗೆ ಒಂದು ಪ್ಯಾರಾ ಕೊಡಲೂ ಹಿಂದೆಮುಂದೆ ನೋಡಿದವು. ಅದು ಚರಿತ್ರೆಕಾರರ ಕೊರತೆ.

ಇನ್ನೊಬ್ಬರು ಮ. ರಾಮಮೂರ್ತಿ. ಹಳದಿ-ಕೆಂಪಿನ ಕನ್ನಡ ಬಾವುಟವನ್ನು ರೂಪಿಸಿದವರು ಎಂದು ನಾಡಿಗೆಲ್ಲ ಗೊತ್ತು. ಆ ಕೈಯೇ ರಾಶಿರಾಶಿ ಪತ್ತೇದಾರಿ ಕಾದಂಬರಿಗಳನ್ನೂ ಬರೆಯಿತು ಎಂಬುದು ಬಾವುಟ ಹಿಡಿದವರಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಈ ಕಾದಂಬರಿಗಳು ದೆವ್ವವನ್ನು ಹಿಡಿದು ಠಾಣೆಗೆ ಒಪ್ಪಿಸುತ್ತಿದ್ದ ರೀತಿ ಯುರೋಪಿಗೆ ಹಳೆಯದು. 18ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಆ್ಯನ್ ರ್‍ಯಾಡ್‌ಕ್ಲಿಫ್ ಕೋಟೆಕೊತ್ತಲಗಳ ಕಥೆ ಬರೆದು, ಕೊನೆಗೆ ಪ್ರತಿ ನೆರಳಿಗೂ ಲೌಕಿಕ ಕಾರಣ ಕೊಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ 1826ರಲ್ಲಿ ಅಚ್ಚಾದ ಬರಹವೊಂದರಲ್ಲಿ ಅವಳು ಎರಡು ಬಗೆಯ ಅಂಜಿಕೆಗಳನ್ನು ಬೇರ್ಪಡಿಸುತ್ತಾಳೆ. ಒಂದು, ಏನೋ ಬರಲಿದೆ ಎಂದು ಜೀವವನ್ನು ಚುರುಕಾಗಿಸುವ ದಿಗಿಲು. ಇನ್ನೊಂದು, ಬಂದದ್ದನ್ನು ಕಣ್ಣಾರೆ ಕಂಡು ಮೈಮನ ಮರಗಟ್ಟಿಸುವ ಭೀತಿ.

ಇದನ್ನು ಕಲಿಯಲು ಕನ್ನಡಿಗರು ಇಂಗ್ಲೆಂಡಿಗೆ ಹೋಗಬೇಕಿರಲಿಲ್ಲ. ನಮ್ಮ ಅಲಂಕಾರಶಾಸ್ತ್ರ ಭಯಾನಕವನ್ನೂ ಬೀಭತ್ಸವನ್ನೂ ಬೇರೆಬೇರೆ ರಸಗಳೆಂದು ಎಂದೋ ಎಣಿಸಿಬಿಟ್ಟಿತ್ತು. ಒಂದರ ಸ್ಥಾಯಿಭಾವ ಭಯ, ಇನ್ನೊಂದರದು ಜುಗುಪ್ಸೆ. ಭರತನ ನಾಟ್ಯಶಾಸ್ತ್ರ ಭಯಾನಕಕ್ಕೆ ಕಾರಣಗಳನ್ನು ಹೇಳುವಾಗ ವಿಕಾರ ಸದ್ದು, ನರಿ-ಗೂಬೆಗಳ ಕೂಗು, ಕಾಡು, ಯಾರೂ ಇಲ್ಲದ ಶೂನ್ಯಗೃಹ ಎಂದು ಎಣಿಸುತ್ತದೆ. ಪತ್ತೇದಾರಿ ಕಾದಂಬರಿಯ ಮುಖಪುಟ ಬಿಡಿಸುವ ಕಲಾವಿದನಿಗೆ ಇದಕ್ಕಿಂತ ಒಳ್ಳೆಯ ಸೂಚನೆ ಬೇಕೆ? ಅದೇ ಗ್ರಂಥ ಭಯಾನಕದಲ್ಲೇ ಮೂರು ಬಗೆ ಮಾಡುತ್ತದೆ: ವ್ಯಾಜದಿಂದ, ಅಂದರೆ ನಟನೆಯಿಂದ ಹುಟ್ಟಿದ್ದು, ಅಪರಾಧದಿಂದ ಹುಟ್ಟಿದ್ದು, ಹೆದರಿಕೆಗೆ ಒಳಗಾಗಿ ಹುಟ್ಟಿದ್ದು. ಬಿಳಿಸೀರೆ ಸುತ್ತಿಕೊಂಡ ಕಳ್ಳನನ್ನು ‘ವ್ಯಾಜ’ದ ಖಾತೆಗೆ ಸೇರಿಸಿದರೆ ಶಾಸ್ತ್ರ ಬಲ್ಲವರು ಹುಬ್ಬು ಗಂಟಿಕ್ಕಬಹುದು, ಏಕೆಂದರೆ ಅಲ್ಲಿ ಮಾತು ಭಯ ನಟಿಸುವವನ ಬಗ್ಗೆ, ಭಯ ಹುಟ್ಟಿಸುವವನ ಬಗ್ಗೆ ಅಲ್ಲ. ಆದರೂ ಬಾಡಿಗೆ ಪುಸ್ತಕದಂಗಡಿಗೆ ಆ ಹೆಸರು ಒಪ್ಪುತ್ತದೆ.

ಹಳಗನ್ನಡ ಕವಿಗಳು ಈ ಎರಡು ರಸಗಳನ್ನೂ ಕೈತುಂಬ ಬಳಸಿದರು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಡೆಯುವಾಗ ರಣರಂಗದ ಮರುಳುಗಳು ಅವನನ್ನೇ ಗೇಲಿ ಮಾಡುತ್ತವೆ. ಹೊಯ್ಸಳ ಆಸ್ಥಾನದ ಜನ್ನ 1209ರ ‘ಯಶೋಧರ ಚರಿತೆ’ಯನ್ನು ಚಂಡಮಾರಿಯ ಗುಡಿಯ ಘೋರದಿಂದಲೇ ಆರಂಭಿಸುತ್ತಾನೆ. ಮುಂದೆ ಬರುವ ಹಿಟ್ಟಿನ ಕೋಳಿಯ ಬಲಿ ಜನ್ಮಜನ್ಮಾಂತರಕ್ಕೂ ಬೆನ್ನು ಹತ್ತುವ ಪರಿ ಅಪರಾಧದಿಂದ ಹುಟ್ಟಿದ ಭಯಕ್ಕೆ ಕನ್ನಡದ ಅತ್ಯುತ್ತಮ ಮಾದರಿ.

ಬೀಭತ್ಸಕ್ಕಾದರೆ ಜನ್ನನವರೆಗೂ ಹೋಗಬೇಕಿಲ್ಲ, ಮಳವಳ್ಳಿ ತಾಲ್ಲೂಕಿಗೆ ಹೋದರೆ ಸಾಕು. ಬೊಪ್ಪೇಗೌಡನಪುರದ ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಕಲ್ಯಾಣಕ್ಕೆ ಹೊರಟ ಮಂಟೇಸ್ವಾಮಿ ಮಡಿಬಟ್ಟೆಯಲ್ಲಿ ಹೋಗುವುದಿಲ್ಲ. ಮೈತುಂಬ ಕೀವು ಸುರಿಯುವ ಗಾಯ, ಮುತ್ತುವ ನೊಣ, ಹೆಂಡ, ಕೊಳೆತ ಕರು, ಇವುಗಳೊಡನೆ ಶರಣರ ಬಾಗಿಲಿಗೆ ಬರುತ್ತಾನೆ. ಮೂಗು ಮುಚ್ಚಿಕೊಂಡವರು ಸೋಲುತ್ತಾರೆ. ಮುಂದೆ ಇದೇ ತಾಲ್ಲೂಕಿನ ಹಲಗೂರಿನಲ್ಲಿ ಕಬ್ಬಿಣದ ಭಿಕ್ಷೆಗೆ ಹೋದ ಅವನ ಶಿಷ್ಯ ಸಿದ್ದಪ್ಪಾಜಿಗೆ ಪಾಂಚಾಳರು ಒಡ್ಡುವ ಪರೀಕ್ಷೆಗಳನ್ನು ಕೇಳಿದರೆ ‘ಟೆರರ್ ಟೇಲ್ಸ್’ನ ಸಂಪಾದಕನೂ ಬೆಚ್ಚಬೇಕು. ಅಮೆರಿಕದ ಪತ್ರಿಕೆ ಹೇಸಿಗೆಯನ್ನು ಕಾಸಿಗಾಗಿ ಮಾರಿತು, ನೀಲಗಾರರು ಅದನ್ನು ಕೇಳುವವನ ಮೈಲಿಗೆಯ ಎಣಿಕೆಯನ್ನು ಪರೀಕ್ಷಿಸಲು ಬಳಸಿದರು. ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಿಂದ ಬಂದ ಜೀ.ಶಂ. ಪರಮಶಿವಯ್ಯ, ಎಚ್.ಎಲ್. ನಾಗೇಗೌಡರಂಥವರು ಇಂಥ ಬಾಯಿಮಾತಿನ ಸಂಪತ್ತನ್ನು ಕೂಡಿಹಾಕಲು ಆಯುಷ್ಯ ಕಳೆದರು. ಪೇಟೆಯ ಕಾದಂಬರಿಕಾರರು ಮಾತ್ರ ಆ ಕಣಜದ ಕಡೆ ತಿರುಗಿ ನೋಡಿದ್ದು ಕಡಿಮೆ. ಅವರ ದೆವ್ವ ಹೆಚ್ಚಾಗಿ ಬಂಗಲೆಯಲ್ಲೇ ವಾಸವಾಗಿತ್ತು. ಕಬ್ಬಿನ ಗದ್ದೆಗೆ ಇಳಿದು ಕಾಲು ಕೆಸರು ಮಾಡಿಕೊಳ್ಳಲು ಅದು ಒಪ್ಪುತ್ತಿರಲಿಲ್ಲ.

ವಾರಪತ್ರಿಕೆಗಳ ಧಾರಾವಾಹಿ ಈ ವ್ಯಾಪಾರದ ಲಯ ಬದಲಿಸಿತು. 1965ರಲ್ಲಿ ‘ಸುಧಾ’ ಶುರುವಾಯಿತು, 1983ರಲ್ಲಿ ‘ತರಂಗ’. ಒಂದೇ ಗುಕ್ಕಿಗೆ ಓದಿ ಮುಗಿಸುವ ಅಂಜಿಕೆಗಿಂತ ವಾರಪೂರ್ತಿ ತಲೆಯಲ್ಲಿಟ್ಟುಕೊಂಡು ತಿರುಗುವ ಅಂಜಿಕೆ ಹೆಚ್ಚು ಬಲಶಾಲಿ. ಎಚ್.ಕೆ. ಅನಂತರಾವ್ ಅವರ ‘ಅಂತ’ ಸುಧಾದಲ್ಲಿ ಧಾರಾವಾಹಿಯಾಗಿ ಬಂದಾಗ ಯಾರೂ ಅದನ್ನು ಭಯಕಥೆ ಎನ್ನಲಿಲ್ಲ, ಅದು ಪೊಲೀಸ್ ಕಥೆ. ಆದರೆ 1981ರಲ್ಲಿ ರಾಜೇಂದ್ರಸಿಂಗ್ ಬಾಬು ಅದನ್ನು ಸಿನಿಮಾ ಮಾಡಿದಾಗ ಪ್ರೇಕ್ಷಕರು ಮುಖ ಮುಚ್ಚಿಕೊಂಡದ್ದು ದೆವ್ವಕ್ಕಲ್ಲ, ಕೈಯುಗುರು ಕೀಳುವ ದೃಶ್ಯಕ್ಕೆ. ಹಿಂಸೆಯ ಬಗ್ಗೆ ದೊಡ್ಡ ವಿವಾದವೇ ಎದ್ದಿತು. ಆ ದೃಶ್ಯದಲ್ಲಿ ನರಳಿದವರು ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಷ್. ಮಂಡ್ಯದ ಥಿಯೇಟರುಗಳಲ್ಲಿ ಅವರ ‘ಕನ್ವರ್‌ಲಾಲ್’ ಪಾತ್ರಕ್ಕೆ ಶಿಳ್ಳೆ ಹೊಡೆದವರೇ ಆ ದೃಶ್ಯದಲ್ಲಿ ಉಸಿರು ಬಿಗಿಹಿಡಿದರು. 1930ರ ದಶಕದ ಅಮೆರಿಕದಲ್ಲಾಗಿದ್ದರೆ ಆ ದೃಶ್ಯಕ್ಕೆ ತನ್ನದೇ ಒಂದು ಕಪಾಟು ಸಿಗುತ್ತಿತ್ತು.

ದೆವ್ವಕ್ಕೆ ದೆವ್ವವಾಗಿಯೇ ಉಳಿಯುವ ಸ್ವಾತಂತ್ರ್ಯ ಬಂದದ್ದು ತೆಲುಗಿನ ದಾರಿಯಿಂದ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ವಂಶಿ ಅವರ ಅನುವಾದದಲ್ಲಿ ಕನ್ನಡಕ್ಕೆ ಬಂದಾಗ ‘ಕಾಷ್ಮೋರಾ’ ಎಂಬ ಮಾಟದ ಹೊಸ ಶಬ್ದ ಮನೆಮನೆಯ ಮಾತಾಯಿತು. ಆಸ್ತಿಯ ಆಸೆಗೆ ಪುಟ್ಟ ಹುಡುಗಿಯೊಬ್ಬಳ ಮೇಲೆ ಮಾಟ ಮಾಡಿಸುವುದು ಕಥೆಯ ಎಳೆ. ಆಸ್ತಿಯ ಆಸೆ ಹಳೆಯ ಪತ್ತೇದಾರಿಯಲ್ಲೂ ಇತ್ತು, ಚಿಕ್ಕಪ್ಪ ಬಿಳಿಸೀರೆ ಉಡುತ್ತಿದ್ದ ಅಷ್ಟೆ. ಇಲ್ಲಿ ಅವನಿಗೆ ಸೀರೆ ಬೇಕಾಗಲಿಲ್ಲ, ಮಾಂತ್ರಿಕನೇ ಸಿಕ್ಕಿದ.

ಯಂಡಮೂರಿಯವರ ಜಾಣತನ ಇರುವುದು ಮಗುವಿನ ಚಿಕಿತ್ಸೆಯ ಭಾಗದಲ್ಲಿ. ಒಂದು ಕಡೆ ವೈದ್ಯರು ತಮ್ಮ ವಿದ್ಯೆ ಪ್ರಯೋಗಿಸುತ್ತಾರೆ, ಇನ್ನೊಂದು ಕಡೆ ಮಾಟವನ್ನು ಮಂತ್ರದಿಂದಲೇ ಮುರಿಯುವ ಹೋರಾಟ ನಡೆಯುತ್ತದೆ. ಯಾವುದರಿಂದ ಏನಾಯಿತು ಎಂಬುದನ್ನು ಓದುಗ ತನಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಫ್ರಾನ್ಸಿನ ವಿಮರ್ಶಕ ತ್ಸ್ವೆತಾನ್ ತೊದೊರೊವ್ 1970ರಲ್ಲಿ ಇಂಥ ಅನಿಶ್ಚಯಕ್ಕೇ ‘ಫ್ಯಾಂಟಾಸ್ಟಿಕ್’ ಎಂಬ ಹೆಸರು ಮೀಸಲಿಟ್ಟ: ಕಾರಣ ಲೋಕದ್ದೋ ಅಲೌಕಿಕದ್ದೋ ಎಂದು ಓದುಗ ತೂಗುಯ್ಯಾಲೆಯಲ್ಲಿ ಇರುವಷ್ಟು ಹೊತ್ತು ಮಾತ್ರ ಆ ಪ್ರಕಾರ ಬದುಕಿರುತ್ತದೆ ಎಂಬುದು ಅವನ ವಾದ. ವಿಚಾರವಾದಿಗಳು ಈ ನಾಜೂಕಿಗೆ ಮರುಳಾಗಲಿಲ್ಲ. ಮಾಟದ ಹೆಸರಿನಲ್ಲಿ ಜನರನ್ನು ಹೊಡೆದು ಕೊಲ್ಲುವ ನಾಡಿನಲ್ಲಿ ಮಾಟವನ್ನು ಇಷ್ಟು ರುಚಿಕಟ್ಟಾಗಿ ಬಡಿಸುವುದು ತರವೇ ಎಂಬ ಅವರ ಪ್ರಶ್ನೆಯನ್ನು ಇಂದಿಗೂ ತಳ್ಳಿಹಾಕಲಾಗದು. 1985ರಲ್ಲಿ ವೇಮಗಲ್ ಜಗನ್ನಾಥರಾವ್ ‘ತುಳಸಿದಳ’ವನ್ನು ಕನ್ನಡದಲ್ಲಿ ತೆರೆಗೆ ತಂದರು. ಆ ಹೊತ್ತಿಗೆ ‘ಮಾಂತ್ರಿಕ ಕಾದಂಬರಿ’ ಎನ್ನುವುದು ಗ್ರಾಹಕರು ಹೆಸರು ಹಿಡಿದು ಕೇಳುವ ಸರಕಾಗಿತ್ತು.

ಮಂಡ್ಯದವರಿಗೆ ಈ ಸರಕಿನ ವಿಳಾಸ ಹೊಸದಲ್ಲ. ಮಳವಳ್ಳಿ ದಾಟಿ ಕಾವೇರಿಯ ಆಚೆ ಹೋದರೆ ಕೊಳ್ಳೇಗಾಲ. ಕನ್ನಡದ ಬೈಗುಳ, ಸಿನಿಮಾ, ಹರಟೆಯಲ್ಲೆಲ್ಲ ಮಾಟಕ್ಕೆ ಅಂಟಿಕೊಂಡ ಊರಹೆಸರು ಅದೊಂದೇ. ಆ ಊರಿನವರಿಗೆ ಇದು ಕಿರಿಕಿರಿ, ಕಾದಂಬರಿಕಾರನಿಗೆ ಇದು ಉಳಿತಾಯ. ‘ಕೊಳ್ಳೇಗಾಲದಿಂದ ಬಂದವನು’ ಎಂದು ಬರೆದರೆ ಪಾತ್ರಚಿತ್ರಣದ ಎರಡು ಪುಟ ಮಿಗುತ್ತದೆ. ರವಿ ಬೆಳಗೆರೆಯವರ ‘ಮಾಟಗಾತಿ’, ಅದರ ಮುಂದುವರಿಕೆ ‘ಸರ್ಪಸಂಬಂಧ’ ಬಂದದ್ದು ಈ ಬೆಳೆ ಚೆನ್ನಾಗಿ ಬೇರೂರಿದ ಮೇಲೆ. ಅಪರಾಧ ವರದಿಗಾರಿಕೆಯ ಖಾರದ ಗದ್ಯವನ್ನೇ ಅವರು ಮಾಂತ್ರಿಕ ಲೋಕಕ್ಕೆ ತಂದಿಟ್ಟದ್ದರಿಂದ ಓದುಗನಿಗೆ ಕಾದಂಬರಿ ಯಾವುದು, ವರದಿ ಯಾವುದು ಎಂಬ ಗೆರೆ ಮಸುಕಾಯಿತು. ‘ಘೋಸ್ಟ್ ಸ್ಟೋರೀಸ್’ ಪತ್ರಿಕೆ ಸುಳ್ಳು ಫೋಟೊ ಅಂಟಿಸಿ ಸಾಧಿಸಲು ಹೊರಟದ್ದನ್ನು ಇಲ್ಲಿ ಬರೀ ಧಾಟಿಯೇ ಸಾಧಿಸಿತು.

ಇದೆಲ್ಲಕ್ಕಿಂತ ಮೊದಲೇ ತ್ರಿವೇಣಿ ಇನ್ನೊಂದು ದಾರಿ ತುಳಿದಿದ್ದರು. ಅವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಯಾರೂ ಹಾರರ್ ಎನ್ನುವುದಿಲ್ಲ, ಗ್ರಂಥಾಲಯದಲ್ಲಿ ಅದು ‘ಮನೋವೈಜ್ಞಾನಿಕ’. ಆದರೆ ತಬ್ಬಲಿ ಮಗುವಿನ ಮನಸ್ಸಿನಲ್ಲಿ ಮಲತಾಯಿಯ ಬೆಕ್ಕಿನ ಕಣ್ಣು ಬೆಳೆಯುತ್ತ ಹೋಗುವ ಬಗೆ ಎಷ್ಟೋ ಪತ್ತೇದಾರಿಗಳ ಒಟ್ಟು ತಲೆಬುರುಡೆಗಳಿಗಿಂತ ಹೆಚ್ಚು ನಡುಕ ಹುಟ್ಟಿಸುತ್ತದೆ. 1966ರಲ್ಲಿ ಅದು ‘ಪೂಚ್ಚಕಣ್ಣಿ’ ಎಂಬ ಮಲಯಾಳಂ ಚಿತ್ರವೂ ಆಯಿತು. ಸುಮಾರು ನಾಲ್ಕು ದಶಕದ ನಂತರ ಮಲಯಾಳವೇ ಆ ಸಾಲ ತೀರಿಸಿದಂತೆ, 1993ರ ‘ಮಣಿಚಿತ್ರತ್ತಾಳ್’ 2004ರಲ್ಲಿ ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ಬಂತು. ಅಲ್ಲಿ ಮನೆಯನ್ನು ಕಾಡುವ ನಾಗವಲ್ಲಿಗೆ ಎರಡು ಹೆಸರು: ಮನೆಮಂದಿಗೆ ಅವಳು ಆತ್ಮ, ಮನೋವೈದ್ಯ ವಿಜಯ್‌ಗೆ ಕಾಯಿಲೆ. ಹಳೆಯ ಪತ್ತೇದಾರ ದೆವ್ವಕ್ಕೆ ಬೇಡಿ ಹಾಕಿದರೆ ಹೊಸ ಪತ್ತೇದಾರ ರೋಗದ ಹೆಸರು ಬರೆದುಕೊಟ್ಟ. ಜನಕ್ಕೆ ಇಂದಿಗೂ ಬಾಯಲ್ಲಿ ನಿಂತದ್ದು ಆ ಕಾಯಿಲೆಯ ಹೆಸರಲ್ಲ, ನಾಗವಲ್ಲಿಯ ಹೆಸರು. ಇದಕ್ಕೆ ಹೋಲಿಸಿದರೆ ಅನಂತನಾಗ್-ಲಕ್ಷ್ಮಿ ನಟಿಸಿದ 1979ರ ‘ನಾ ನಿನ್ನ ಬಿಡಲಾರೆ’ಗೆ ವೈದ್ಯನ ಅಪ್ಪಣೆ ಬೇಕಿರಲಿಲ್ಲ. ಅಲ್ಲಿ ದೆವ್ವವನ್ನು ಎದುರಿಸಲು ರಾಘವೇಂದ್ರಸ್ವಾಮಿಗಳಿದ್ದರು.

ಪುಸ್ತಕದ ಹಂಗಿಲ್ಲದೆ, ಮುಖಪುಟವಿಲ್ಲದೆ, ಲೇಖಕನೂ ಇಲ್ಲದೆ ನಾಡನ್ನು ಗೆದ್ದ ಭಯಕಥೆ 1990ರ ದಶಕದ್ದು. ರಾತ್ರಿ ಹೊತ್ತು ಮನೆಯವರದೇ ದನಿಯಲ್ಲಿ ಹೆಣ್ಣುದೆವ್ವವೊಂದು ಬಾಗಿಲು ತಟ್ಟುತ್ತದೆ, ತೆಗೆದವನು ಉಳಿಯುವುದಿಲ್ಲ ಎಂಬ ಗುಲ್ಲು. ಪರಿಹಾರ ಒಂದು ತುಂಡು ಸೀಮೆಸುಣ್ಣ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರಹ. ಈ ಕಥೆಯಲ್ಲಿ ಪತ್ತೇದಾರನಿಲ್ಲ, ಮಾಂತ್ರಿಕನಿಲ್ಲ, ವೈದ್ಯನೂ ಇಲ್ಲ. ಸರ್ಕಾರಿ ಕಚೇರಿಯ ಗುಮಾಸ್ತನಿಂದ ಕಲಿತ ಎರಡು ಶಬ್ದ ಮಾತ್ರ. ಕನ್ನಡ ಓದಬಲ್ಲ, ಬರೆದದ್ದಕ್ಕೆ ಮರ್ಯಾದೆ ಕೊಡುವ ದೆವ್ವ! 2018ರ ಹಿಂದಿ ಚಿತ್ರ ‘ಸ್ತ್ರೀ’ಗೆ ಇದೇ ಬೀಜವಾಯಿತು. ಮೂಲದ ಆ ಗುಮಾಸ್ತಗಿರಿಯ ಹಾಸ್ಯ ಮಾತ್ರ ಹಿಂದಿಗೆ ಪೂರ್ತಿ ದಾಟಿದಂತಿಲ್ಲ.

ಕಪಾಟು ಸೇರದ ಇನ್ನೊಂದು ಸಾಲು ಪುಸ್ತಕಗಳಿವೆ. ಪೂರ್ಣಚಂದ್ರ ತೇಜಸ್ವಿ ಕೆನೆತ್ ಆ್ಯಂಡರ್ಸನ್‌ನ ಬೇಟೆಯ ಅನುಭವಗಳನ್ನು ‘ಕಾಡಿನ ಕಥೆಗಳು’ ಸಂಪುಟಗಳಲ್ಲಿ ಕನ್ನಡಕ್ಕೆ ತಂದರು, ಜಿಮ್ ಕಾರ್ಬೆಟ್‌ನ ರುದ್ರಪ್ರಯಾಗದ ನರಭಕ್ಷಕನನ್ನೂ ತಂದರು. ಆ ಪುಸ್ತಕದ ಹೆಸರಿನಲ್ಲೇ ‘ಭಯಾನಕ’ ಎಂಬ ವಿಶೇಷಣವಿದೆ. ಅಲ್ಲಿಯ ಹಳ್ಳಿಗರು ಅದು ಚಿರತೆಯಲ್ಲ, ಕೆಟ್ಟ ಶಕ್ತಿ ಎಂದು ನಂಬಿ ಸಾಧುವೊಬ್ಬನನ್ನು ಅನುಮಾನಿಸಿದ್ದರು. ಕಾರ್ಬೆಟ್ ಕೊನೆಗೆ ಹೊಡೆದದ್ದು ಚಿರತೆಯನ್ನೇ. ಮುಸುಕಿನ ಒಳಗೆ ಚಿಕ್ಕಪ್ಪನ ಬದಲು ಹಲ್ಲು ಸವೆದ ಪ್ರಾಣಿ.

ಮಂಡ್ಯ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಈಗ ನಡೆಯುತ್ತಿರುವುದೂ ಇದೇ ಕಥೆ. ಆಳೆತ್ತರ ಬೆಳೆದ ಕಬ್ಬು ಚಿರತೆಗೆ ಕಾಡಿನಷ್ಟೇ ಹಿತ. ಕಟಾವಿಗೆ ಇಳಿದವರಿಗೆ ಸೋಗೆಯ ನಡುವೆ ಕಣ್ಣು ಬಿಡದ ಮರಿಗಳು ಸಿಗುತ್ತವೆ. ಅರಣ್ಯ ಇಲಾಖೆಯವರು ಬಂದು ಬೋನು ಇಡುತ್ತಾರೆ, ತಾಯಿ ಬಂದು ಒಯ್ಯಲೆಂದು ಮರಿಗಳನ್ನು ಅಲ್ಲೇ ಬಿಟ್ಟು ದೂರ ಸರಿದು ಕಾಯುತ್ತಾರೆ. ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತ, ಕೊಪ್ಪರಿಗೆಯ ಪಾಕ ಕುದಿಯುವುದನ್ನು ಕಾಯುವವರ ಹರಟೆಯಲ್ಲಿ ಕೊಳ್ಳಿದೆವ್ವದ ಸರದಿ ಈಗ ಅಪರೂಪ. ಬದುವಿನ ಮೇಲೆ ಬೆಳಕೊಂದು ಆಡಿದರೆ ಅದು ಯಾರದೋ ಮೊಬೈಲು ಎಂದು ಎಲ್ಲರಿಗೂ ಗೊತ್ತು. ಆದರೆ ಅದರ ಪಕ್ಕದಲ್ಲೇ, ಬೆಳಕು ಬಿದ್ದೊಡನೆ ಹಸಿರಾಗಿ ಹೊಳೆಯುವ ಎರಡು ಚುಕ್ಕಿ ಕಂಡರೆ ಒಲೆಯ ಸುತ್ತ ಕೂತವರ ಮಾತು ಒಮ್ಮೆಲೇ ನಿಲ್ಲುತ್ತದೆ.